ಹಗಲು ಮರಿ, ರಾತ್ರಿ ಹೇಟೆ, ನಡುವೆ ಮೊಟ್ಟೆ: ನಮ್ಮ ಹಿತ್ತಲಿಗೆ ಬರುತ್ತಿರುವುದು ಯಾವ ಪ್ರಾಣಿ?

ಪ್ರಶ್ನೆ: ಹಿತ್ತಲಮನೆ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಒಂಟಿ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ನಮ್ಮ ಅತ್ತೆಯವರು ಮೂವತ್ತು ವರ್ಷ ನಾಟಿ ಕೋಳಿ ಸಾಕಿದವರು. ಅವರಿಗೆ ಮಂಡಿನೋವು ಹೆಚ್ಚಾದ ಮೇಲೆ, ಕಳೆದ ವರ್ಷದಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಕಾಲದಲ್ಲಿ ನಷ್ಟವೇ ಇರಲಿಲ್ಲ ಎಂದಲ್ಲ, ಆದರೆ ನನ್ನ ಕೈಗೆ ಬಂದ ಮೇಲೆ ಆಗುತ್ತಿರುವಷ್ಟು ಆಗಿರಲಿಲ್ಲ.

ಈ ಬೇಸಿಗೆಯಲ್ಲಿ ಎರಡು ಹೇಟೆಗಳು ಕಾವು ಕೂತು ಒಟ್ಟು 19 ಮರಿ ತೆಗೆದವು. ಹೂಮರಿಗಳನ್ನು ಎಣಿಸಬಾರದು, ಎಣಿಸಿದರೆ ಉಳಿಯುವುದಿಲ್ಲ ಎಂದು ಅತ್ತೆ ಹೇಳಿದರೂ ನಾನು ದಿನವೂ ಎಣಿಸುತ್ತಿದ್ದೆ. ಐದು ವಾರಗಳಲ್ಲಿ 8 ಉಳಿದಿವೆ. ಮರಿಗಳು ಕಾಣೆಯಾಗುವುದು ಹೆಚ್ಚಾಗಿ ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ, ತಾಯಿ ಅವನ್ನು ಅಂಗಳದ ಬಯಲಿಗೆ ಕರೆತಂದಾಗ. ರಕ್ತವಿಲ್ಲ, ಪುಕ್ಕವಿಲ್ಲ.

ಇದರ ಜೊತೆಗೆ ಕಳೆದ ತಿಂಗಳು ಒಂದು ವಾರದ ಅಂತರದಲ್ಲಿ ಎರಡು ದೊಡ್ಡ ಹೇಟೆಗಳು ಗೂಡಿನೊಳಗೇ ಸತ್ತು ಬಿದ್ದಿದ್ದವು. ಬಾಗಿಲಿನ ಚಿಲಕ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ಮೈಗೆ ಒಂದು ಗಾಯವಿಲ್ಲ, ತಲೆ ಮಾತ್ರ ಇಲ್ಲ. ಗೂಡಿನ ಗೋಡೆ ಮೂರು ಅಡಿಯವರೆಗೆ ಕೆಂಪು ಕಲ್ಲಿನದು, ಅದರ ಮೇಲೆ ಮಾಡಿನವರೆಗೆ ಎರಡು ಇಂಚಿನ ಕಣ್ಣಿನ ಚೈನ್‌ಲಿಂಕ್ ಜಾಲರಿ, ಮೇಲೆ ಹಂಚು. ಕೋಳಿಗಳು ಕೂರುವ ಅಡಿಕೆ ದಬ್ಬೆಯನ್ನು ಜಾಲರಿಗೆ ತಾಗಿಸಿಯೇ ಕಟ್ಟಿದ್ದೇನೆ. ಮೂರನೆಯದು, ಕೊಟ್ಟಿಗೆಯ ಅಟ್ಟದ ಮೇಲಿಟ್ಟ ಬುಟ್ಟಿಯಿಂದ ಮೊಟ್ಟೆಗಳು ಕಾಣೆಯಾಗುತ್ತಿವೆ. ಸಿಪ್ಪೆಯ ಚೂರೂ ಸಿಗುವುದಿಲ್ಲ.

ಸತ್ತ ಕೋಳಿಗೆ ಕ್ರಿಮಿನಾಶಕ ಹಾಕಿ ಬೇಲಿಯ ಬಳಿ ಇಡಿ ಎಂದು ಒಬ್ಬರು, ಗೂಡಿನ ಸುತ್ತ ತಂತಿ ಎಳೆದು ರಾತ್ರಿ ಮನೆಯ ಕರೆಂಟು ಕೊಡಿ ಎಂದು ಇನ್ನೊಬ್ಬರು ಸಲಹೆ ಕೊಟ್ಟಿದ್ದಾರೆ. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಇದೆಲ್ಲ ಒಂದೇ ಪ್ರಾಣಿಯ ಕೆಲಸವೇ? ಮಳೆ ಹಿಡಿಯುವ ಮೊದಲು ನಾನು ಏನು ಮಾಡಬಹುದು?

ಉತ್ತರ: ನಿವೃತ್ತ ಪಶುವೈದ್ಯ (ಹಾಸನ)

ಅಮ್ಮಾ, ನೀವು ವಿವರಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಅರ್ಧ ಕೆಲಸ ಸುಲಭವಾಗಿದೆ. ಇದು ಒಂದು ಪ್ರಾಣಿಯ ಕೆಲಸವಲ್ಲ. ಕನಿಷ್ಠ ಮೂರು ಬೇರೆ ಬೇರೆ ಜೀವಿಗಳು ಮೂರು ಬೇರೆ ಬೇರೆ ಹೊತ್ತಿನಲ್ಲಿ ನಿಮ್ಮ ಹಿತ್ತಲಿಗೆ ಬರುತ್ತಿವೆ. ಆದ್ದರಿಂದ ಒಂದೇ ಉಪಾಯದಿಂದ ಮೂರನ್ನೂ ತಡೆಯುತ್ತೇನೆಂದು ಹೊರಟರೆ ಹಣ ಹೋಗುತ್ತದೆಯೇ ಹೊರತು ಕೋಳಿ ಉಳಿಯುವುದಿಲ್ಲ.

ಮೊದಲು ತಲೆಯಿಲ್ಲದ ಹೇಟೆಗಳ ವಿಷಯ. ಗೂಡಿನ ಒಳಗೆ ಯಾವ ಪ್ರಾಣಿಯೂ ಹೊಕ್ಕಿಲ್ಲ. ಹೊಕ್ಕಿದ್ದರೆ ಮೈಯನ್ನು ತಿನ್ನುತ್ತಿತ್ತು, ಇಲ್ಲವೇ ಎಳೆದುಕೊಂಡು ಹೋಗುತ್ತಿತ್ತು. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಜಾಲರಿಗೆ ಒರಗಿ ಕೂತ ಹಕ್ಕಿ ಗಾಬರಿಯಾಗಿ ಎರಡು ಇಂಚಿನ ಕಣ್ಣಿನಿಂದ ಕತ್ತು ಹೊರಗೆ ಹಾಕಿದ ಕೂಡಲೇ ಹೊರಗೆ ಕಾದಿದ್ದ ಪ್ರಾಣಿಯ ಹಲ್ಲಿಗೆ ಸಿಗುತ್ತದೆ. ಉಳಿದ ಮೈ ಜಾಲರಿಯಲ್ಲಿ ತೂರುವುದಿಲ್ಲವಾದ್ದರಿಂದ ಒಳಗೇ ಬೀಳುತ್ತದೆ. ಕಾಡುಬೆಕ್ಕು ಇದನ್ನು ಮಾಡಬಲ್ಲದು, ನಮ್ಮ ಕಡೆ ಕಬ್ಬೆಕ್ಕು ಎನ್ನುವ ಪುನುಗಿನ ಜಾತಿಯ ಪ್ರಾಣಿಯೂ ಮಾಡಬಲ್ಲದು. ಯಾವುದೆಂದು ತಿಳಿಯಲು ಒಲೆಯ ಬೂದಿಯನ್ನು ಜರಡಿ ಹಿಡಿದು ಸಂಜೆ ಗೂಡಿನ ಸುತ್ತ ಒಂದು ಮೊಳ ಅಗಲಕ್ಕೆ ತೆಳುವಾಗಿ ಉದುರಿಸಿ, ಬೆಳಿಗ್ಗೆ ಕೋಳಿ ಬಿಡುವ ಮೊದಲು ನೋಡಿ. ಬೆಕ್ಕಿನದಾದರೆ ದುಂಡನೆಯ ಹೆಜ್ಜೆ, ನಾಲ್ಕು ಬೆರಳು, ಉಗುರಿನ ಗುರುತು ಇರುವುದಿಲ್ಲ. ನಾಯಿಯದಾದರೆ ನಾಲ್ಕು ಬೆರಳಿನ ಮುಂದೆ ಉಗುರಿನ ಚುಕ್ಕೆಗಳಿರುತ್ತವೆ. ಕಬ್ಬೆಕ್ಕಿನ ಹೆಜ್ಜೆಯಲ್ಲಿ ಐದು ಬೆರಳು ಮೂಡುತ್ತವೆ. ಹಂಚಿನ ಮೇಲೂ ಗೋಡೆಯ ಮೇಲೂ ಹಿಕ್ಕೆ ಇದೆಯೇ ಎಂದು ನೋಡಿ; ಅದರಲ್ಲಿ ಕಾಫಿ ಬೀಜವೋ ಬೈನೆ ಹಣ್ಣಿನ ಬೀಜವೋ ಇದ್ದರೆ ಅನುಮಾನವೇ ಬೇಡ. ಮುಂಗುಸಿಯನ್ನು ಎಲ್ಲರೂ ಮೊದಲು ದೂರುತ್ತಾರೆ, ಆದರೆ ಅದು ಹಗಲಿನ ಪ್ರಾಣಿ. ನಡುರಾತ್ರಿಯ ಅಪರಾಧವನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎರಡನೆಯದಾಗಿ ಮರಿಗಳು. ಇಲ್ಲಿ ತಾಯಿ ಕೋಳಿಯೇ ನಿಮಗೆ ಸಾಕ್ಷಿ ಹೇಳುತ್ತದೆ. ನೆಲದ ಮೇಲಿಂದ ಮುಂಗುಸಿಯೋ ನಾಯಿಯೋ ಬಂದರೆ ಕೋಳಿ ಕತ್ತೆತ್ತಿ ನಿಂತು, ತಡೆತಡೆದು, ಊರಿಗೆಲ್ಲ ಕೇಳುವಂತೆ ಕೊಕ್ ಕೊಕ್ ಕೊಕ್ಕೋ ಎಂದು ಬಹಳ ಹೊತ್ತು ಕೂಗುತ್ತದೆ. ಮೇಲಿನಿಂದ ಗಿಡುಗ ಬಂದರೆ ಹಾಗಲ್ಲ. ತಲೆಯನ್ನು ಓರೆ ಮಾಡಿ ಒಂದು ಕಣ್ಣಿನಿಂದ ಆಕಾಶ ನೋಡಿ, ಒಂದೇ ಒಂದು ಎಳೆದ ಸಣ್ಣ ದನಿ ತೆಗೆದು, ನೆಲಕ್ಕೆ ಅಂಟಿಕೊಂಡು ಸುಮ್ಮನಾಗುತ್ತದೆ. ಎರಡು ದಿನ ಜಗುಲಿಯಲ್ಲಿ ಕೂತು ಕಿವಿಗೊಟ್ಟರೆ ಉತ್ತರ ಸಿಗುತ್ತದೆ.

ಮೂರನೆಯದು, ಸಿಪ್ಪೆಯಿಲ್ಲದೆ ಕಾಣೆಯಾಗುವ ಮೊಟ್ಟೆ. ಹೆಗ್ಗಣ, ಇಲಿಗಳು ಸಿಪ್ಪೆ ಬಿಟ್ಟುಹೋಗುತ್ತವೆ. ಕಾಗೆ ತೂತು ಮಾಡುತ್ತದೆ. ಕೋಳಿಯೇ ತಿಂದಿದ್ದರೆ ಬುಟ್ಟಿಯ ಹುಲ್ಲು ಅಂಟಾಗಿರುತ್ತದೆ. ಇಡಿಯಾಗಿ ನುಂಗುವುದು ಹಾವು ಅಥವಾ ಉಡ. ಅಟ್ಟದ ಮೇಲೆಂದರೆ ಹಾವೇ ಇರಬೇಕು. ನಾಗರಹಾವು ಕೂಡ ಮೊಟ್ಟೆಗೂ ಮರಿಗೂ ಬರುತ್ತದೆ ಎಂಬುದನ್ನು ನೆನಪಿಡಿ. ಮುಸ್ಸಂಜೆಯಲ್ಲಿ ಟಾರ್ಚ್ ಹಾಕಿ ನೋಡದೆ ಬುಟ್ಟಿಗೆ ಕೈ ಹಾಕಬೇಡಿ.

ವಿಷದ ಸಲಹೆಯನ್ನೂ ಕರೆಂಟಿನ ಸಲಹೆಯನ್ನೂ ನೀವು ತಳ್ಳಿಹಾಕಿದ್ದು ಬಹಳ ಸರಿ. ಕಾಡುಬೆಕ್ಕು, ಪುನುಗು, ಮುಂಗುಸಿ, ಉಡ, ಕೇರೆ, ನಾಗರ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅದಕ್ಕಿಂತ ಹೆಚ್ಚಾಗಿ, ವಿಷ ಹಾಕಿದ ಕೋಳಿಯನ್ನು ಮೊದಲು ತಿನ್ನುವುದು ಸಾಮಾನ್ಯವಾಗಿ ಪಕ್ಕದ ಮನೆಯ ನಾಯಿ. ಮನೆಯ ಕರೆಂಟು ಕೊಟ್ಟ ತಂತಿ ಬೆಕ್ಕನ್ನೂ ಮನುಷ್ಯರನ್ನೂ ಬೇರೆ ಬೇರೆ ಎಂದು ನೋಡುವುದಿಲ್ಲ; ಬೆಳಗಿನ ಜಾವ ಸೊಪ್ಪಿಗೆ ಹೋದವರು ಹಾಗೆ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ವಿಷಯದ ಅಂಚಿನ ಒಂದು ಮಾತು: ಕಾಣೆಯಾದ ಮರಿಗಳೆಲ್ಲ ಗಟ್ಟಿಮುಟ್ಟಾಗಿದ್ದವೇ? ಕೊಕ್ಕರೆ ರೋಗ (ರಾಣಿಖೇತ್) ತಗುಲಿದ ಮರಿ ತಾಯಿಯ ಹಿಂದೆ ಓಡಲಾರದೆ ಬಯಲಲ್ಲಿ ತೂಕಡಿಸುತ್ತ ನಿಲ್ಲುತ್ತದೆ, ಗಿಡುಗಕ್ಕೆ ಸಿಗುವುದು ಅದೇ. ಐದರಿಂದ ಏಳನೆಯ ದಿನದೊಳಗೆ ಈ ರೋಗದ ಲಸೋಟಾ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸಿದ್ದರೆ ಈ ಅನುಮಾನ ಬೇಡ.

ಉತ್ತರ: ಬೈನೆಮರ (ಸುಳ್ಯ)

ವೈದ್ಯರು ಕಳ್ಳರನ್ನು ಗುರುತಿಸಿದ್ದಾರೆ. ನಾನು ಗೂಡು ಕಟ್ಟುವ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಆ ತಪ್ಪುಗಳನ್ನೆಲ್ಲ ನಾನೂ ಮಾಡಿ ಮುಗಿಸಿದ್ದೇನೆ.

ಚೈನ್‌ಲಿಂಕ್ ಜಾಲರಿ ತೋಟದ ಬೇಲಿಗೆ ಸರಿ, ಕೋಳಿಗೂಡಿಗೆ ಅಲ್ಲ. ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆಯ ತೆಳು ತಂತಿಯದೂ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ನಾಯಿ ಮನಸ್ಸು ಮಾಡಿದರೆ ಅದನ್ನು ಹರಿದು ಒಳಗೆ ಬರುತ್ತದೆ. ಬೇಕಾದದ್ದು ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ವೆಲ್ಡ್ ಮೆಶ್. ದುಬಾರಿ ಎಂಬುದು ನಿಜ. ಹಾಗಾಗಿ ಇಡೀ ಗೂಡಿಗೆ ಹೊಸದು ಹಾಕಬೇಕಿಲ್ಲ. ಈಗಿರುವ ಚೈನ್‌ಲಿಂಕಿನ ಮೇಲೆಯೇ ಹೊರಗಿನಿಂದ ಇದನ್ನು ಹೊದಿಸಿ, ಅಂಚುಗಳನ್ನು ಮರದ ಪಟ್ಟಿಯ ಕೆಳಗೆ ಒತ್ತಿ ಮೊಳೆ ಹೊಡೆಯಿರಿ. ಮೊಳೆಯನ್ನು ಬರಿಯ ಜಾಲರಿಗೆ ಹೊಡೆದರೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಟ್ಟುಕೊಳ್ಳುತ್ತದೆ. ಕೋಳಿ ಕೂರುವ ದಬ್ಬೆಯನ್ನು ಈ ಸಂಜೆಯೇ ಜಾಲರಿಯಿಂದ ಒಂದೂವರೆ ಅಡಿ ಒಳಕ್ಕೆ ಸರಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮೂರನೆಯ ಹೇಟೆಯ ತಲೆ ಉಳಿಯುವುದು ಇದರಿಂದಲೇ.

ಹಂಚಿನ ಮಾಡು ಇನ್ನೊಂದು ಬಾಗಿಲು ಎಂದು ತಿಳಿಯಿರಿ. ಕಬ್ಬೆಕ್ಕು ಮರದಿಂದ ಮಾಡಿಗೆ ಇಳಿದು, ಒಂದು ಹಂಚನ್ನು ಮೂತಿಯಿಂದ ಎತ್ತಿ ಒಳಗೆ ಇಳಿದದ್ದನ್ನು ನಾನೇ ನೋಡಿದ್ದೇನೆ. ಹಂಚಿನ ಕೆಳಗೆ ರೀಪಿನ ಮಟ್ಟದಲ್ಲಿ ಜಾಲರಿ ಹಾಸಿ, ಮಾಡಿಗೆ ತಾಗುವ ಕೊಂಬೆಗಳನ್ನು ಕಡಿಸಿ. ಕೆಳಗಡೆ, ಗೋಡೆಯ ಬುಡದಲ್ಲಿ ನೀರು ಹೋಗಲೆಂದು ಬಿಟ್ಟ ಕಂಡಿ ಇದ್ದರೆ ಅದಕ್ಕೂ ಜಾಲರಿಯ ತುಂಡು ಬೇಕು. ನಾನು ಆ ಕಂಡಿಯನ್ನು ಮರೆತಿದ್ದೆ. ಒಂದು ಆಟಿ ತಿಂಗಳ ಬೆಳಿಗ್ಗೆ ಬಾಗಿಲು ತೆಗೆದರೆ ಕೋಳಿಗಳೆಲ್ಲ ಮೇಲಿನ ದಬ್ಬೆಯಲ್ಲಿ ಒತ್ತಿಕೊಂಡು ಕೂತಿದ್ದವು, ಕೆಳಗೆ ಹೆಬ್ಬಾವು ಹೊಟ್ಟೆ ಉಬ್ಬಿಸಿಕೊಂಡು ಸುರುಳಿ ಸುತ್ತಿ ಮಲಗಿತ್ತು. ಬಂದ ಕಂಡಿಯಲ್ಲೇ ಹೊರಗೆ ಹೋಗಲು ಹುಂಜವನ್ನು ನುಂಗಿದ ಹೊಟ್ಟೆ ಬಿಟ್ಟಿರಲಿಲ್ಲ. ಹಾವು ಹಿಡಿಯುವವರು ಬಂದು ಚೀಲಕ್ಕೆ ಹಾಕಿಕೊಳ್ಳುವವರೆಗೂ ನನ್ನ ಮಡದಿ ಕೋಳಿಗಿಂತ ಹಾವಿನ ಬಗ್ಗೆಯೇ ಹೆಚ್ಚು ಕನಿಕರ ತೋರಿಸಿದಳು.

ನೆಲ ಮಣ್ಣಿನದಾದರೆ ಗೋಡೆಯ ಹೊರಬದಿಯಲ್ಲಿ ಒಂದು ಅಡಿ ಅಗಲದ ಜಾಲರಿಯನ್ನು ನೆಲಕ್ಕೆ ಮಲಗಿಸಿ ಮೇಲೆ ಮಣ್ಣು ಕಲ್ಲು ಹಾಕಿ. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯಲು ಶುರುಮಾಡುತ್ತದೆ, ಉಗುರಿಗೆ ತಂತಿ ತಾಗಿದಾಗ ಬಿಡುತ್ತದೆ; ಒಂದು ಅಡಿ ಹಿಂದೆ ಸರಿದು ಅಗೆಯಬೇಕೆಂದು ಅದಕ್ಕೆ ಹೊಳೆಯುವುದಿಲ್ಲ.

ಮಳೆಗಾಲಕ್ಕೆ ಹೆದರಿ ಗೂಡನ್ನು ನಾಲ್ಕೂ ಕಡೆ ತಗಡಿನಿಂದ ಮುಚ್ಚಬೇಡಿ. ಹಿಕ್ಕೆಯ ಘಾಟು ಮೂಗಿಗೆ ಹೊಡೆಯುವಷ್ಟಾದರೆ ಪ್ರಾಣಿಯಿಂದ ಉಳಿದ ಕೋಳಿ ನೆಗಡಿಯಿಂದ ಹೋಗುತ್ತದೆ. ಗಾಳಿ ಆಡಲಿ, ಎರಚಲು ಬರುವ ಕಡೆಗೆ ಮಾತ್ರ ಅಡಿಕೆ ಸೋಗೆಯ ತಟ್ಟಿ ಸಾಕು.

ಉತ್ತರ: ಬಯಲುಸೀಮೆಯವ (ಶಿರಾ)

ನಮ್ಮಲ್ಲಿ ಕಾಡಿಲ್ಲ, ಆದ್ದರಿಂದ ಕಬ್ಬೆಕ್ಕಿನ ಬಗ್ಗೆ ನಾನು ಮಾತನಾಡುವುದಿಲ್ಲ. ಹದ್ದು, ಕಾಗೆ, ಬೀದಿನಾಯಿ ಇವುಗಳ ಕಾಟ ಮಾತ್ರ ಯಾರಿಗೂ ಕಡಿಮೆಯಿಲ್ಲದಂತೆ ಅನುಭವಿಸಿದ್ದೇವೆ.

ಮರಿಗಳಿಗೆ ಬೇಕಾದದ್ದು ಕಾವಲಿಗಿಂತ ಮರೆ. ಬರಿಯ ಅಂಗಳದಲ್ಲಿ ಹತ್ತು ಹೆಜ್ಜೆಗೊಂದು ಬಚ್ಚಿಟ್ಟುಕೊಳ್ಳುವ ಜಾಗವಿದ್ದರೆ ತಾಯಿ ಕೂಗಿದ ಕೂಡಲೇ ಮರಿಗಳು ಅದರಡಿ ಸೇರುತ್ತವೆ. ನಾವು ಮುರಿದ ಎತ್ತಿನಗಾಡಿಯ ತಳ, ಒಣ ತೊಗರಿ ಕಟ್ಟಿಗೆಯ ಹೊರೆ, ಅವರೆ ಚಪ್ಪರ ಇವುಗಳಲ್ಲೇ ಕೆಲಸ ನಡೆಸುತ್ತೇವೆ. ಹೊಳೆಯುವ ಹಳೆಯ ಸಿಡಿಗಳನ್ನು ದಾರದಲ್ಲಿ ತೂಗುಹಾಕುವುದನ್ನೂ ಮಾಡಿ ನೋಡಿದೆ. ಹದ್ದು ಒಂದು ವಾರ ದೂರವಿತ್ತು, ಎರಡನೆಯ ವಾರ ಅದೇ ಕಂಬದ ಮೇಲೆ ಬಂದು ಕೂತಿತು. ಅದಕ್ಕಿಂತ ಕಾಜಾಣವೇ ಮೇಲು. ಅಂಗಳದ ಬದಿಯ ಮರದಲ್ಲಿ ಅದು ಗೂಡು ಕಟ್ಟಿದ ವರ್ಷ, ತನಗಿಂತ ಹಲವು ಪಟ್ಟು ದೊಡ್ಡದಾದ ಹದ್ದನ್ನೂ ಕಾಗೆಯನ್ನೂ ಬೆನ್ನಟ್ಟಿ ಬೆನ್ನಟ್ಟಿ ಓಡಿಸುತ್ತದೆ. ನಮ್ಮ ಮರಿಗಳಿಗಾಗಿ ಅದು ಹಾಗೆ ಮಾಡುವುದಿಲ್ಲವಾದರೂ ಲಾಭ ನಮಗೇ.

ಇದೆಲ್ಲದಕ್ಕಿಂತ ಒಂದು ಒಳ್ಳೆಯ ನಾಟಿ ನಾಯಿಯನ್ನು ಮರಿಯಿಂದಲೇ ಕೋಳಿಗಳ ಜೊತೆ ಬೆಳೆಸಿದರೆ ಮುಕ್ಕಾಲು ತೊಂದರೆ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕೋಳಿ ಕೊಯ್ದ ಪುಕ್ಕ ಕರುಳನ್ನು ಬೇಲಿಯಾಚೆ ಎಸೆಯುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಬೀದಿನಾಯಿಗಳಿಗೆ ನಾವೇ ರುಚಿ ಹತ್ತಿಸಿ ಆಮೇಲೆ ಬೈದರೆ ಪ್ರಯೋಜನವಿಲ್ಲ.

ಉತ್ತರ: ಬೈನೆಮರ (ಸುಳ್ಯ)

ಶಿರಾದ ಅಣ್ಣನವರ ಉಳಿದ ಮಾತಿಗೆಲ್ಲ ನನ್ನ ಒಪ್ಪಿಗೆಯಿದೆ, ನಾಯಿಯ ವಿಷಯಕ್ಕೆ ಮಾತ್ರ ಇಲ್ಲ. ಬೆಟ್ಟಕ್ಕೆ ತಾಗಿದ ಒಂಟಿ ಮನೆಯಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಕಳಿಸಿದ ಆಮಂತ್ರಣ. ಕೋಳಿಗೆ ಬಾರದ ಚಿರತೆ ನಾಯಿಗೆ ಬರುತ್ತದೆ. ಹಗಲಿನಲ್ಲಿ ನಾಯಿ ಅಂಗಳದಲ್ಲಿರಲಿ, ಕತ್ತಲಾದ ಮೇಲೆ ಮನೆಯೊಳಗೋ ಗಟ್ಟಿ ಬಾಗಿಲಿನ ಕೊಟ್ಟಿಗೆಯೊಳಗೋ ಇರಲಿ.

ಪ್ರಶ್ನೆ ಕೇಳಿದವರಿಂದ: ಹಿತ್ತಲಮನೆ

ಎಲ್ಲರಿಗೂ ಧನ್ಯವಾದಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಮಾಡಿ ನೋಡಿದ ಮೇಲೆಯೇ ಬರೆಯಬೇಕೆಂದುಕೊಂಡಿದ್ದೆ.

ಬೂದಿಯಲ್ಲಿ ಮೊದಲ ಎರಡು ರಾತ್ರಿ ನಮ್ಮ ಮನೆಯ ಬೆಕ್ಕಿನ ಹೆಜ್ಜೆ ಬಿಟ್ಟರೆ ಏನೂ ಮೂಡಲಿಲ್ಲ. ಮೂರನೆಯ ಬೆಳಿಗ್ಗೆ ಜಾಲರಿಯ ಉದ್ದಕ್ಕೂ ಐದು ಬೆರಳಿನ ಸಣ್ಣ ಹೆಜ್ಜೆಗಳು ಹೋಗಿ, ತಿರುಗಿ, ಮತ್ತೆ ಹೋಗಿದ್ದವು. ಕಲ್ಲಿನ ಗೋಡೆಯ ಮೂಲೆಯಲ್ಲಿ ಬೈನೆ ಬೀಜಗಳಿದ್ದ ಹಿಕ್ಕೆಯೂ ಸಿಕ್ಕಿತು. ದಬ್ಬೆಯನ್ನು ಆಗಲೇ ಒಳಕ್ಕೆ ಸರಿಸಿದ್ದರಿಂದ ಕೋಳಿಗಳು ಕ್ಷೇಮವಾಗಿದ್ದವು. ಅರ್ಧ ಇಂಚಿನ ಜಾಲರಿಯನ್ನು ಸದ್ಯಕ್ಕೆ ಬೆಟ್ಟದ ಕಡೆಯ ಎರಡು ಬದಿಗೆ ಮಾತ್ರ ಹೊದಿಸಿದ್ದೇವೆ, ಉಳಿದದ್ದು ಅಡಿಕೆ ಮಾರಿದ ಮೇಲೆ.

ಮರಿಗಳ ವಿಷಯದಲ್ಲಿ ವೈದ್ಯರು ಹೇಳಿದ ಹಾಗೆ ಜಗುಲಿಯಲ್ಲಿ ಕೂತೆ. ಎರಡನೆಯ ದಿನ ಹನ್ನೊಂದು ಗಂಟೆಯ ಸುಮಾರಿಗೆ ಕೆಂದು ಹೇಟೆ ಕೆದಕುವುದನ್ನು ನಿಲ್ಲಿಸಿ, ತಲೆಯನ್ನು ಓರೆ ಮಾಡಿ, ಬಾಗಿಲಿನ ಕೀಲು ಕಿರ್ರೆಂದಂತೆ ಒಂದು ದನಿ ತೆಗೆದು ಕುಕ್ಕರಿಸಿತು. ನಾನು ತಲೆಯೆತ್ತುವಷ್ಟರಲ್ಲಿ ಹಲಸಿನ ಮರದಿಂದ ಪಾರಿವಾಳದಷ್ಟೇ ಗಾತ್ರದ ಬೂದುಬಣ್ಣದ ಹಕ್ಕಿಯೊಂದು ನೆಲಕ್ಕೆ ಸವರಿದಂತೆ ಹಾರಿ ಬಂದು, ಒಂದು ಮರಿಯನ್ನು ಎತ್ತಿಕೊಂಡು ತೋಟದೊಳಗೆ ಹೋಗಿಬಿಟ್ಟಿತು. ಅದು ಬಿಜ್ಜು ಎಂಬ ಸಣ್ಣ ಗಿಡುಗ ಎಂದು ಅತ್ತೆ ಹೇಳಿದರು. ಇಷ್ಟು ದಿನ ನಾನು ಆಕಾಶದಲ್ಲಿ ಸುತ್ತುವ ಹದ್ದನ್ನೇ ನೋಡಿ ನೋಡಿ ಬೈಯುತ್ತಿದ್ದೆ.

ಅತ್ತೆಯವರ ಕಾಲದಲ್ಲಿ ಅಂಗಳದ ತುದಿಯಲ್ಲಿ ಸೊಂಟದೆತ್ತರದ ಬಸಳೆ ಚಪ್ಪರವಿತ್ತಂತೆ. ನಾನು ಹೂವಿನ ಗಿಡಕ್ಕೆಂದು ಅದನ್ನು ತೆಗೆಸಿದ್ದೆ. ಈಗ ಮತ್ತೆ ಹಾಕಿದ್ದೇವೆ. ಬಳ್ಳಿ ಹಬ್ಬುವವರೆಗೆ ಮೇಲೆ ಅಡಿಕೆ ಸೋಗೆ ಹೊದಿಸಿದೆ. ಕೆಳಗಿನ ಎಲೆಗಳನ್ನೆಲ್ಲ ಕೋಳಿಗಳೇ ಮುಗಿಸುತ್ತಿವೆ, ಆದರೆ ಉಳಿದ 7 ಮರಿಗಳು 7 ಆಗಿಯೇ ಇವೆ.

ಮೊಟ್ಟೆ ಕದಿಯುತ್ತಿದ್ದದ್ದು ಕೇರೆಹಾವು. ಅಟ್ಟದ ತೊಲೆಯ ಮೇಲೆ ಉದ್ದಕ್ಕೆ ಮಲಗಿದ್ದನ್ನು ನಮ್ಮವರು ನೋಡಿದರು. ಕೊಟ್ಟಿಗೆಯಲ್ಲಿ ಇಲಿ ಕಾಟ ಬಹಳ ಇರುವುದರಿಂದ ಅದನ್ನು ಓಡಿಸಲು ಮನಸ್ಸಿಲ್ಲ. ಹಾವಿಗೆ ಅಡ್ಡವಾಗಿ ಬುಟ್ಟಿಯ ಸುತ್ತ ಮೀನಿನ ನೈಲಾನ್ ಬಲೆ ಕಟ್ಟಬಹುದೇ? ಹಾಗೆಯೇ, ಮುಂದಿನ ಸಲ ಮರಿಗಳನ್ನು ಎಷ್ಟು ದಿನ ಕೂಡಿಹಾಕಬೇಕು?

ಉತ್ತರ: ನಿವೃತ್ತ ಪಶುವೈದ್ಯ (ಹಾಸನ)

ನೈಲಾನ್ ಬಲೆಯನ್ನು ನೆಲದ ಬಳಿಯಾಗಲಿ ಅಟ್ಟದಲ್ಲಾಗಲಿ ಕಟ್ಟಬೇಡಿ. ಹಾವು ಅದರಲ್ಲಿ ತಲೆ ತೂರಿಸಿ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವಾಗ ಹುರುಪೆಗೆ ದಾರ ಸಿಕ್ಕಿಕೊಂಡು ಮೈ ಕೊಯ್ದು ನರಳಿ ಸಾಯುತ್ತದೆ. ಸಿಕ್ಕಿಕೊಂಡದ್ದು ನಾಗರವಾದರೆ ಬಿಡಿಸುವುದು ಯಾರು? ಅಂಗಳದ ಮೇಲೆ ಗಿಡುಗಕ್ಕೆ ಅಡ್ಡವಾಗಿ ಎತ್ತರದಲ್ಲಿ ಕಟ್ಟುವುದಾದರೆ ಮಾತ್ರ ಆ ಬಲೆ ಉಪಯೋಗಕ್ಕೆ ಬರುತ್ತದೆ. ಮೊಟ್ಟೆಗಳನ್ನು ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಊಟದ ನಂತರ ಒಮ್ಮೆ ತೆಗೆದುಬಿಡಿ. ಕಾವು ಕೂರಿಸುವ ಹೇಟೆಯನ್ನು ಅಟ್ಟದಿಂದ ಇಳಿಸಿ, ನಾಲ್ಕೂ ಬದಿಗೆ ಮತ್ತು ಮೇಲಕ್ಕೆ ಅರ್ಧ ಇಂಚಿನ ಜಾಲರಿ ಹೊಡೆದ ಪೆಟ್ಟಿಗೆಯಲ್ಲಿ ಕೂರಿಸಿ. ಇಪ್ಪತ್ತೊಂದು ದಿನ ಅದಕ್ಕೆ ಅಲ್ಲೇ ನೀರು, ಕಾಳು ಕೊಡಿ. ದಿನಕ್ಕೊಮ್ಮೆ ನಿಮ್ಮ ಕಣ್ಣೆದುರಿಗೇ ಹತ್ತು ನಿಮಿಷ ಹೊರಗೆ ಬಿಟ್ಟು ಮತ್ತೆ ಕೂರಿಸಿ.

ಮರಿಗಳು ಆರು ವಾರ ತಾಯಿಯೊಡನೆ ಮುಚ್ಚಿದ ಓಡಾಟದ ಪಂಜರದಲ್ಲಿರಲಿ. ಪಂಜರಕ್ಕೆ ತಳ ಬೇಡ. ಎರಡು ದಿನಕ್ಕೊಮ್ಮೆ ಬೇರೆ ಹುಲ್ಲಿಗೆ ಎತ್ತಿಟ್ಟರೆ ಹುಳು ಕೆದಕುವುದನ್ನೂ ಕಲಿಯುತ್ತವೆ. ಆ ಮೇಲೆ ಮೊದಲ ವಾರ ಸಂಜೆ ನಾಲ್ಕರ ನಂತರ, ನೀವು ಅಂಗಳದಲ್ಲಿ ಇರುವಾಗ ಮಾತ್ರ ಬಿಡಿ. ಬಿಜ್ಜು ಎತ್ತಲಾರದಷ್ಟು ತೂಕ ಬರಲು ನಾಟಿ ಮರಿಗೆ ಗಿರಿರಾಜ ಎಂಬ ಸುಧಾರಿತ ತಳಿಗಿಂತ ಹೆಚ್ಚು ದಿನ ಬೇಕು. ಆದರೆ ಗಿರಿರಾಜ ತಾನಾಗಿ ಕಾವು ಕೂರುವುದು ಅಪರೂಪ, ತಲೆಯ ಮೇಲಿನ ನೆರಳಿಗೆ ಎಚ್ಚರಗೊಳ್ಳುವ ಚುರುಕೂ ಕಡಿಮೆ. ನಿಮ್ಮ ಕೆಂದು ಹೇಟೆಯನ್ನು ಮಾರಬೇಡಿ. ಮುಂದಿನ ಸಲವೂ ಅದನ್ನೇ ಕಾವಿಗೆ ಕೂರಿಸಿ.